ಅಜ್ಜಿಯ ಮೂರು ಮೊಳ

"ಮೂರು ಮೊಳ! ಸರಿಯಾಗಿ ಮೂರು ಮೊಳ ಐತೆ ನೋಡು," ಎಂದಳು ಅಜ್ಜಿ, ಗೋಡೆಗೆ ಒತ್ತಿಕೊಂಡಿದ್ದ ಕೈ ತೆಗೆಯುತ್ತಾ.

"ಇರಜ್ಜಿ, ಸ್ಕೇಲ್ ತರ್ತೀನಿ. ಇಂಚಲ್ಲಿ ಅಳೀಬೇಕು," ಎಂದಳು ಚಂದನ. ಅವಳು ಐದನೇ ಕ್ಲಾಸು. ಉದ್ದ ಅಗಲದ ಪಾಠ ಆಗಷ್ಟೇ ಮುಗಿದಿತ್ತು.

"ಓಗೇ! ಈ ಕೈ ಅಳೆದಿರೋ ಊವೆಲ್ಲಾ ಸೇರ್ಸಿದ್ರೆ ಬಂಗಾರಪೇಟೆಗೆ ಓಗಿ ವಾಪಸ್ ಬತ್ತದೆ. ನಿನ್ನ ಸ್ಕೇಲು ನಂಗೆ ಅಳತೆ ಏಳ್ಕೊಡ್ತದಾ?"

ಚಂದನ ಸ್ಕೇಲ್ ತರಲಿಲ್ಲ. ಅಜ್ಜಿ ಚಿಕ್ಕವೆಂಕಟಮ್ಮ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಹೂವು ಮಾರುತ್ತಾಳೆ. ಅವಳ ಎದುರು ಅಳತೆಯ ಮಾತೆತ್ತಿ ಗೆದ್ದವರು ಆ ಬೀದಿಯಲ್ಲಿ ಯಾರೂ ಇಲ್ಲ.

ಅಳೆದದ್ದು ಬೀರುವಿಗೂ ಗೋಡೆಗೂ ನಡುವಿನ ಜಾಗ. ಅಲ್ಲಿಗೆ ಒಂದು ಸೈಕಲ್ ಬರಬೇಕಿತ್ತು. ರಸ್ತೆ ಮೇಲೆ ಓಡುವ ಸೈಕಲ್ ಅಲ್ಲ, ನಿಂತಲ್ಲೇ ತುಳಿಯುವ ಸೈಕಲ್.

ಚಂದನಳ ಅಪ್ಪ ಮುನಿರಾಜುವಿಗೆ ಮಳೆಗಾಲದಲ್ಲಿ ಲಕ್ವ ಹೊಡೆದಿತ್ತು. ಬೆಳಗಿನ ರೈಲು ಹಿಡಿದು ಬೆಂಗಳೂರಿನ ಫ್ಯಾಕ್ಟರಿಗೆ ಹೋಗುತ್ತಿದ್ದ ಮನುಷ್ಯನಿಗೆ ಈಗ ಮಂಚದಿಂದ ಬಾಗಿಲಿಗೆ ಬರಲೂ ಅಮ್ಮನ ಹೆಗಲು ಬೇಕು. ಎಡಗಾಲು ಮಾತೇ ಕೇಳುವುದಿಲ್ಲ. "ದಿನಾ ತುಳಿಸಿ. ಬಿಟ್ಟರೆ ಕಾಲು ಮರಗಟ್ಟಿಬಿಡುತ್ತೆ," ಎಂದಿದ್ದರು ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಶ್ಯಾಮಲಾ ಮೇಡಂ. ಆ ಮಾತು ಕೇಳಿದಾಗಿನಿಂದ ಚಂದನಳಿಗೆ ಊಟ ಸೇರುತ್ತಿರಲಿಲ್ಲ. ಸ್ಕೂಲಿನಲ್ಲಿ ಯಾರಾದರೂ ಓಡಿದರೆ ಅವರ ಕಾಲನ್ನೇ ನೋಡುತ್ತಿದ್ದಳು.

ಆದರೆ ಇಡುವುದೆಲ್ಲಿ? ಅವರದು ಕೋರಮಂಡಲ್‌ನ ಹಳೆಯ ಗಣಿ ಲೈನಿನ ಮನೆ, ಚಿನ್ನದ ಗಣಿಯ ಕಾರ್ಮಿಕರಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ಒಂದು. ಒಂದು ರೂಮು, ಒಂದು ಅಡುಗೆಮನೆ, ಮುಂದೆ ಅಂಗೈಯಗಲದ ಜಗಲಿ. ರೂಮಿನಲ್ಲಿ ಅಪ್ಪನ ಮಂಚ ಮತ್ತು ಬೀರು. ಮಂಚದ ಪಕ್ಕದ ನೆಲದಲ್ಲಿ ಅಜ್ಜಿಯ ಚಾಪೆ. ಅಡುಗೆಮನೆಯಲ್ಲಿ ಅಮ್ಮ, ಚಂದನ ಮಲಗಿದರೆ ಗ್ಯಾಸ್ ಸಿಲಿಂಡರಿಗೆ ಕಾಲು ತಗಲುತ್ತಿತ್ತು.

ಮಧ್ಯಾಹ್ನ ಅಮ್ಮ ಶಶಿರೇಖ ಚಂದನಳನ್ನು ಕರೆದುಕೊಂಡು ವ್ಯಾಯಾಮದ ಸಾಮಾನಿನ ಅಂಗಡಿಗೆ ಹೋದಳು. ಅಂಗಡಿಯ ಶ್ರೀಧರ್ ಮೊದಲು ಮಡಚುವ ಸೈಕಲ್ ತೋರಿಸಿದ.

"ಚಿಕ್ಕ ಮನೆಗೆ ಇದೇ ಬೆಸ್ಟ್ ಅಕ್ಕ. ತುಳಿದ್ರಿ, ಮಡಚಿದ್ರಿ, ಮೂಲೇಲಿ ನಿಲ್ಲಿಸಿದ್ರಿ."

ಚಂದನ ಹತ್ತಿ ಕೂತಳು. ಸ್ವಲ್ಪ ಪಕ್ಕಕ್ಕೆ ವಾಲಿದ್ದೇ ತಡ, ಸೈಕಲ್ಲೂ ವಾಲಿತು. "ಅಮ್ಮ, ಇದು ಬೇಡ. ಅಪ್ಪ ಎಡಗಡೆಗೇ ವಾಲೋದು. ಬಿದ್ದೋಗ್ತಾರೆ!"

ಶ್ರೀಧರ್ ಬರೀ ಪೆಡಲ್ ಇರುವ ಪುಟ್ಟ ಮೆಷಿನ್ ತೋರಿಸಿದ. ಕುರ್ಚಿಯಲ್ಲಿ ಕೂತು ತುಳಿಯುವುದು. ತುಳಿದರೆ ನುಣುಪು ನೆಲದ ಮೇಲೆ ಜಾರಿ ಜಾರಿ ಮುಂದೆ ಹೋಯಿತು. ಕೊನೆಗೆ ಉಳಿದದ್ದು ಬೆನ್ನಿಗೆ ಒರಗು ಇದ್ದ ದೊಡ್ಡ ಸೀಟಿನ ಸೈಕಲ್. ಎರಡೂ ಪಕ್ಕ ಹಿಡಿ, ಪಾದಕ್ಕೆ ಬೆಲ್ಟು. ಶ್ಯಾಮಲಾ ಮೇಡಂ ಹೇಳಿದ್ದು ಇಂಥದ್ದೇ.

"ಆದ್ರೆ ಇದು ಉದ್ದ ಜಾಸ್ತಿ. ಜಾಗ ಎಷ್ಟಿದೆ ಅಕ್ಕ?"

"ಮೂರು ಮೊಳ," ಎಂದಳು ಅಮ್ಮ.

"ಮೊಳಕ್ಕೆ ಒಂದೂವರೆ ಅಡಿ. ಅಂದ್ರೆ ನಾಲ್ಕೂವರೆ. ಆರಾಮಾಗಿ ಹಿಡಿಸುತ್ತೆ. ಆದ್ರೆ ಇದು ಅಂಗಡೀಲಿ ಇಟ್ಟಿದ್ದ ಪೀಸು, ಅದಕ್ಕೇ ಕಡಿಮೆಗೆ ಕೊಡ್ತಾ ಇದೀನಿ. ವಾಪಸ್ ತಗೊಳ್ಳಲ್ಲ ನೋಡಿ."

ಅಮ್ಮ ತಲೆಯಾಡಿಸಿದಳು. ಸಂಜೆ ಸೈಕಲ್ ಲಗೇಜ್ ಆಟೋದಲ್ಲಿ ಬಂತು. ಪಕ್ಕದ ಮನೆಯ ಮಾರಿಯಮ್ಮನೂ ಕೈ ಕೊಟ್ಟಳು. "ಇನ್ನೂ ಕೊಂಜಂ ತಳ್ಳು ಶಶಿ, ಇನ್ನೂ ಸ್ವಲ್ಪ," ಎನ್ನುತ್ತಾ ಬಾಗಿಲು ದಾಟಿಸಿ, ಬೀರುವಿನ ಪಕ್ಕಕ್ಕೆ ತಂದರು. ಮುಂದಿನ ಅರ್ಧ ಒಳಗೆ ಹೋಯಿತು. ಸೀಟು ಬೀರುವಿಗೆ ಢಣ್ಣನೆ ಬಡಿಯಿತು. ತಿರುಗಿಸಿದರು, ಓರೆ ಮಾಡಿದರು. ಏನು ಮಾಡಿದರೂ ಸೈಕಲ್ಲಿನ ಹಿಂಭಾಗ ಬಾಗಿಲಿಗೆ ಅಡ್ಡ. ಬಾಗಿಲು ಮುಚ್ಚುವಂತಿರಲಿಲ್ಲ.

ಚಂದನ ಈಗ ಸ್ಕೇಲ್ ತಂದಳು. ಜಾಗ ಅಳೆದಳು. ನಾಲ್ಕು ಅಡಿಯೂ ಇರಲಿಲ್ಲ.

"ಅಜ್ಜಿ, ಮೊಳ ಆಕು ನೋಡಣ."

ಅಜ್ಜಿ ಗೋಡೆಗೆ ಮೊಣಕೈ ಊರಿ ಕೈ ಚಾಚಿದಳು. ನಾಲ್ಕು ಬೆರಳೂ ಒಳಕ್ಕೆ ಮಡಚಿಕೊಂಡಿದ್ದವು.

"ಬೆರಳು ಬಿಚ್ಚಜ್ಜಿ. ನಡುಬೆರಳ ತುದೀವರೆಗೂ ಮೊಳ."

ಅಜ್ಜಿ ತನ್ನ ಕೈಯನ್ನೇ ನೋಡಿದಳು. ಬೆರಳು ಮಡಚಿದ್ದು ಅವಳಿಗೇ ಗೊತ್ತಾಗಿರಲಿಲ್ಲ. "ಮಾರ್ಕೆಟ್ನಾಗೆ ಯಾರೂ ಬೆರಳು ಬಿಚ್ಚಿ ಅಳೆಯಲ್ಲ ಮಗಾ," ಎಂದಳು ಮೆಲ್ಲಗೆ. "ಕೈಗೆ ಅಂಗೇ ಅಭ್ಯಾಸ ಆಗೋಗೈತೆ."

ಅಮ್ಮ ಅಂಗಡಿಗೆ ಫೋನ್ ಮಾಡಿದಳು. "ಮೊದಲೇ ಹೇಳಿದ್ನಲ್ಲ ಅಕ್ಕ," ಎಂದ ಶ್ರೀಧರ್. ಅಮ್ಮ ಫೋನ್ ಇಟ್ಟು ಅಜ್ಜಿಯ ಕಡೆ ತಿರುಗಿದಳು.

"ಊವ ಕೊಳ್ಳೋರಿಗೆ ಆಕೋ ಮೊಳಾನೇ ಮಗನಿಗೂ ಆಕ್ಬುಟ್ರಲ್ಲ ಅತ್ತೆ!"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಮ್ಮ ಆಡಿಬಿಟ್ಟಿದ್ದಳು. ಮಾರಿಯಮ್ಮ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೊರಗೆ ಹೋದಳು. ಮಂಚದ ಮೇಲಿಂದ ಅಪ್ಪ ಏನೋ ಹೇಳಲು ಹೋದ. ಅವನ ನಾಲಿಗೆಯೂ ಈಗ ಎಡವುತ್ತಿತ್ತು. "ಬ್ಯಾ... ಬ್ಯಾಡ ಶಶಿ," ಎನ್ನುವಷ್ಟರಲ್ಲಿ ಕಣ್ಣು ತುಂಬಿಬಂತು. ಬೆಳಿಗ್ಗೆಯೇ ಜಗ್ಗಾಡಿ ಸ್ಕೇಲ್ ತಂದಿದ್ದರೆ ಎಂದುಕೊಳ್ಳುತ್ತಾ ಚಂದನ ಕೈಯಲ್ಲಿದ್ದ ಸ್ಕೇಲನ್ನು ಬೆನ್ನ ಹಿಂದೆ ಅಡಗಿಸಿದಳು.

ಅಜ್ಜಿ ಹೋಗಿ ಮಂಚದ ಪಕ್ಕದ ತನ್ನ ಚಾಪೆ ಸುತ್ತಿದಳು. ದಿಂಬು ಕಂಕುಳಲ್ಲಿ ಇಟ್ಟುಕೊಂಡಳು.

"ಇಲ್ಲಿಗೆ ಎಳೀರಿ ಸೈಕಲ್ನ. ಇಲ್ಲಿ ಇಡಿಸ್ತದೆ."

"ನೀವು ಎಲ್ಲಿ ಮಲಗ್ತೀರ?" ಎಂದಳು ಅಮ್ಮ. ಸ್ವರ ಇಳಿದಿತ್ತು.

"ಜಗಲಿ ಐತಲ್ಲ."

"ಚಳಿ ಶುರುವಾಗೈತೆ ಅತ್ತೆ."

"ಟಾರ್ಪಾಲ್ ಕಟ್ಕೊತೀನಿ ಬುಡು."

ಬೇರೆ ದಾರಿ ಇದ್ದಿದ್ದರೆ ಅಮ್ಮ ಬಿಡುತ್ತಿರಲಿಲ್ಲ. ಇರಲಿಲ್ಲ. ಸೈಕಲ್ ಅಜ್ಜಿಯ ಚಾಪೆ ಇದ್ದ ಕಡೆ ಅಳೆದು ಮಾಡಿಸಿದ ಹಾಗೆ ಕೂತಿತು.

ಮಾರನೆಯ ದಿನ ಚಂದನ ಸ್ಕೂಲಿಂದ ಬರುವಷ್ಟರಲ್ಲಿ ಅಮ್ಮ ಅಪ್ಪನನ್ನು ಸೀಟಿನ ಮೇಲೆ ಕೂರಿಸುತ್ತಿದ್ದಳು. ಎಡಪಾದ ಬೆಲ್ಟಿನಿಂದ ಜಾರುತ್ತಿತ್ತು. ಹಳೇ ಸೀರೆಯ ತುಂಡಿನಿಂದ ಪೆಡಲಿಗೆ ಸೇರಿಸಿ ಕಟ್ಟಿದಳು. ಅಪ್ಪ ಹಲ್ಲು ಕಚ್ಚಿದ. ಪೆಡಲ್ ಅಲುಗಿತು. ನಿಂತಿತು. ಮತ್ತೆ ಅಲುಗಿ, ಒಂದು ಸುತ್ತು ಬಂತು.

"ತಿರುಗ್ತಾ ಐತೆ!" ಎಂದಳು ಅಮ್ಮ, ಅಳುತ್ತಾ ನಗುತ್ತಾ. "ಎರಡು ಕಾಲೂ ತಿರುಗ್ತಾ ಐತೆ ನೋಡೇ ಚಂದೂ!"

ಚಂದನಳಿಗೆ ಕುಣಿಯುವಷ್ಟು ಖುಷಿಯಾಯಿತು. ಬ್ಯಾಗ್ ಬಿಸಾಕಿ ನೆಲದ ಮೇಲೆ ಕೂತಳು. ಅಪ್ಪನ ಬಲಗಾಲಿನ ಮೀನಖಂಡ ಮುಟ್ಟಿದಳು. ತುಳಿದಾಗಲೆಲ್ಲ ಅದು ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಆಮೇಲೆ ಎಡಗಾಲು ಮುಟ್ಟಿದಳು. ಪೆಡಲ್ ಮೇಲೆ ಬಂತು, ಕೆಳಗೆ ಹೋಯಿತು, ಮತ್ತೆ ಮೇಲೆ ಬಂತು. ಮೀನಖಂಡ ಮೆತ್ತಗೇ ಇತ್ತು. ಅದು ತುಳಿಯುತ್ತಿರಲಿಲ್ಲ. ಬಲಗಾಲು ಅದನ್ನು ಸುತ್ತಿಸುತ್ತಿತ್ತು, ಅಷ್ಟೇ.

ಅವಳು ತಲೆಯೆತ್ತಿದಳು. ಅಪ್ಪ ಅವಳನ್ನೇ ನೋಡುತ್ತಿದ್ದ. ಅವನಿಗೆ ಆಗಲೇ ಗೊತ್ತಿತ್ತು. ಆದರೂ ನಿಲ್ಲಿಸಲಿಲ್ಲ.

ಜಗಲಿಯಲ್ಲಿ ಅಜ್ಜಿ ಹೂವು ಕಟ್ಟುತ್ತಿದ್ದಳು. ಅಲ್ಲಿಂದಲೇ ಕೇಳಿದಳು. "ಚಂದೂ, ಕಾಲು ತುಳೀತಾ ಐತಾ?"

ಅಮ್ಮ ಹೂಂ ಅನ್ನು ಎಂದು ಸನ್ನೆ ಮಾಡಿದಳು. ಚಂದನ ಜಗಲಿಯ ಕಡೆ ನೋಡಿದಳು. ರಾತ್ರಿಯೆಲ್ಲ ಟಾರ್ಪಾಲಿನ ಆಚೆಯಿಂದ ಬಂದ ಅಜ್ಜಿಯ ಕೆಮ್ಮು ಅವಳಿಗೆ ಕೇಳಿಸಿತ್ತು.

"ಬಲಗಾಲು ತುಳೀತಾ ಐತೆ ಅಜ್ಜಿ," ಎಂದಳು. "ಎಡಗಾಲು ಜೊತೇಲಿ ಓಗ್ತಾ ಐತೆ."

ಹೊರಗೆ ಅಜ್ಜಿ ಹೂವಿನ ದಾರಕ್ಕೆ ಇನ್ನೊಂದು ಗಂಟು ಹಾಕಿದಳು.

"ಓಗ್ಲಿ ಬುಡು," ಎಂದಳು ಅಜ್ಜಿ. "ಓಗ್ತಾ ಇರ್ಲಿ."

ಅಪ್ಪ ಇನ್ನೊಂದು ಸುತ್ತು ತುಳಿದ. ಚಂದನ ಮತ್ತೆ ಅವನ ಎಡಗಾಲಿನ ಮೇಲೆ ಕೈ ಇಟ್ಟಳು. ಈ ಸಲ ಅದು ಗಟ್ಟಿಯಾಗುತ್ತದೆಯೇ ಎಂದು ನೋಡಲಿಲ್ಲ. ಸುಮ್ಮನೆ ಕಾಲಿನ ಜೊತೆ ಅವಳ ಕೈಯೂ ಮೇಲೆ ಹೋಯಿತು, ಕೆಳಗೆ ಬಂತು.