ಆರಿಸಿ ಕೊಂದ ಆರು ಗಿಡಗಳು

ಸೋಮವಾರ ಬೆಳಿಗ್ಗೆ ವಿಜ್ಞಾನದ ಟೀಚರ್ ಪ್ರಯೋಗಾಲಯದ ಬಾಗಿಲು ತೆಗೆದರು. ಕಿಟಕಿಯ ಪಕ್ಕ ಹನ್ನೆರಡು ಹುರುಳಿಕಾಯಿ ಗಿಡಗಳಿದ್ದವು. ಆರು ಸತ್ತಿದ್ದವು. ಎಲೆ ಸುಟ್ಟು, ಕಾಂಡ ಬಾಗಿ, ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿತ್ತು. ಉಳಿದ ಆರು ಏನೂ ಗೊತ್ತಿಲ್ಲದವರ ಹಾಗೆ ಬಿಸಿಲು ಕಾಯಿಸುತ್ತಿದ್ದವು.

ಗುರುವಾರ ವಿಜ್ಞಾನ ಪ್ರದರ್ಶನ. ಸೋಮವಾರ ಮೊದಲ ಗಂಟೆ ಹೊಡೆಯುವಷ್ಟರಲ್ಲೇ ಹೆಡ್‌ಮಾಸ್ಟರ್ ಅಪರಾಧಿಯನ್ನು ಹಿಡಿದೂ ಆಗಿತ್ತು.

"ತರಲೆ," ಎಂದರು. ಹುಡುಗಿಯ ಹೆಸರು ಬೇರೆಯೇ. ಶಾಲೆಯಲ್ಲಿ ಯಾರಿಗೂ ಅದು ನೆನಪಿರಲಿಲ್ಲ. "ಶುಕ್ರವಾರ ಸಂಜೆ ಇದೇ ರೂಮಲ್ಲಿ ಕೂತಿದ್ಲು. ಕೈಯಲ್ಲಿ ಉಪ್ಪಿನ ಪೊಟ್ಟಣ. ಆಯಾ ನೋಡಿದ್ದಾರೆ."

"ಸೌತೆಕಾಯಿಗೆ ತಂದಿದ್ದೆ ಸರ್," ಎಂದಳು ತರಲೆ. ಕಣ್ಣು ಕೆಂಪಾಗಿತ್ತು. "ಕ್ಲಾಸಲ್ಲಿ ತಿಂದ್ರೆ ಎಲ್ರೂ ಕೇಳ್ತಾರೆ."

"ಇದು ಮೂರನೇ ದೂರು. ನಾಳೆ ಅಪ್ಪನ್ನ ಕರ್ಕೊಂಡು ಬಾ. ಟಿಸಿ ತಗೊಂಡು ಹೋಗ್ಲಿ."

"ಸರ್, ನಾಳೆವರೆಗೂ ಟೈಮ್ ಇದೆಯಲ್ಲ," ಎಂದರು ಟೀಚರ್. "ಅಲ್ಲಿವರೆಗೆ ನನಗೆ ಬಿಡಿ."

* * *

ಸತ್ತ ಕುಂಡದ ಒಂದು ಚಮಚ ಮಣ್ಣು, ಬದುಕಿದ ಕುಂಡದ ಒಂದು ಚಮಚ ಮಣ್ಣು. ಎರಡನ್ನೂ ಟೀಚರ್ ಒಂದೇ ಅಳತೆಯ ನೀರಲ್ಲಿ ಕಲಕಿ, ಸೋಸಿ, ಬೇರೆ ಬೇರೆ ತಟ್ಟೆಯಲ್ಲಿ ಕಾಯಿಸಿದರು. ಬದುಕಿದ ಕುಂಡದ ತಟ್ಟೆಯಲ್ಲಿ ಉಳಿದದ್ದು ತೆಳು ಕಲೆ. ಸತ್ತದ್ದರಲ್ಲಿ ದಪ್ಪ ಬಿಳಿ ಹರಳು.

"ಉಪ್ಪು!" ಹೆಡ್‌ಮಾಸ್ಟರ್ ಗೆದ್ದವರಂತೆ ಹೇಳಿದರು. "ನಾನು ಹೇಳ್ಲಿಲ್ವಾ?"

"ಗಿಡ ಯಾವುದರಿಂದ ಸತ್ತಿತು ಅಂತ ಗೊತ್ತಾಯ್ತು. ಯಾರಿಂದ ಅಂತಲ್ಲ. ಉಪ್ಪು ಇಟ್ಕೊಂಡವರನ್ನೆಲ್ಲ ಹಿಡಿಯೋದಾದ್ರೆ ಮೊದಲು ನಿಮ್ಮ ಊಟದ ಡಬ್ಬಿ ತೆರೀಬೇಕು ಸರ್."

ತರಲೆ ಅಳುವಿನ ನಡುವೆಯೇ ನಕ್ಕುಬಿಟ್ಟಳು.

ಟೀಚರ್ ಸತ್ತ ಕುಂಡಗಳನ್ನು ಮತ್ತೆ ನೋಡಿದರು. ಎರಡನೆಯದು, ಮೂರನೆಯದು. ಆಮೇಲೆ ಆರು, ಎಂಟು, ಒಂಬತ್ತು, ಹನ್ನೆರಡು. ಒಂದು ಕಡೆಯಿಂದ ಸುರಿದುಕೊಂಡು ಹೋದ ಹಾಗಿರಲಿಲ್ಲ. ಆರಿಸಿ ಹಾಕಿದ ಹಾಗಿತ್ತು.

* * *

ಪ್ರಯೋಗ ಇಬ್ಬರದು. ಪ್ರಶ್ನೆ, ಅಕ್ಕಿ ತೊಳೆದ ನೀರಿಗೆ ಗಿಡ ಹೆಚ್ಚು ಬೆಳೆಯುತ್ತದೆಯೇ? ಆರಕ್ಕೆ ಅಕ್ಕಿ ನೀರು, ಹೋಲಿಕೆಗೆ ಆರಕ್ಕೆ ನಲ್ಲಿ ನೀರು. ಮಣ್ಣು, ಬಿಸಿಲು, ನೀರಿನ ಅಳತೆ ಎಲ್ಲಕ್ಕೂ ಒಂದೇ. ನೀರು ಹಾಕುವವನು ತರಗತಿಯ ಕ್ಯಾಪ್ಟನ್. ಎತ್ತರ ಅಳೆಯುವವನು ಅವನ ಗೆಳೆಯ 'ಸ್ಕೇಲ್'. ಯಾವುದಕ್ಕೆ ಯಾವ ನೀರೆಂದು ಅವನಿಗೆ ಹೇಳುವಂತಿಲ್ಲ. ಗೊತ್ತಿದ್ದರೆ ಕಣ್ಣು ಬೇಕಾದದ್ದನ್ನೇ ಉದ್ದ ನೋಡುತ್ತದೆ. ಹಾಗಾಗಿ ಕುಂಡಗಳ ಮೇಲೆ ಗುರುತಿಲ್ಲ. ಟೀಚರ್ ಚೀಟಿ ಎತ್ತಿ ಜಾಗ ಕೊಟ್ಟಿದ್ದರು.

"ಸ್ಕೇಲ್, ಶುಕ್ರವಾರದ ಅಳತೆ ಹೇಗಿತ್ತೋ?"

"ಎಲ್ಲಾ ಹೆಚ್ಚುಕಮ್ಮಿ ಒಂದೇ ಮಿಸ್. ಕ್ಯಾಪ್ಟನ್‌ಗೆ ತೋರಿಸ್ದೆ. ಸುಮ್ನೆ ಹೊರಟೋದ."

ಟೀಚರ್ ಪಕ್ಕದ ತರಗತಿಗೆ ಹೋದರು. ಅಲ್ಲಿಯವರು ಇನ್ನೂ ಗಿಡ ನೋಡಿರಲಿಲ್ಲ. ಬೋರ್ಡಿನ ಮೇಲೆ ಹನ್ನೆರಡು ಸೊನ್ನೆ ಬರೆದು, "ನಲ್ಲಿ ನೀರಿನ ಆರು ಗಿಡ ಯಾವುವು, ಊಹಿಸಿ," ಎಂದರು. ಎಲ್ಲರೂ ಉತ್ಸಾಹದಿಂದ ಊಹಿಸಿದರು. ಆರೂ ಸರಿಯಾಗಿ ಹೇಳಿದವರು ಒಬ್ಬರೂ ಇರಲಿಲ್ಲ.

* * *

ಮಧ್ಯಾಹ್ನ ಹೆಡ್‌ಮಾಸ್ಟರ್ ಕೋಣೆಯಲ್ಲಿ ಟೀಚರ್, ತರಲೆ, ಕ್ಯಾಪ್ಟನ್ ಸೇರಿ ನಾಲ್ವರು. ಟೀಚರ್ ಕ್ಯಾಪ್ಟನ್ ಕಡೆ ನೋಡದೆ ಮಾತಾಡಿದರು.

"ಸತ್ತ ಆರೂ ನಲ್ಲಿ ನೀರಿನವು ಸರ್. ಆರಕ್ಕೆ ಆರೂ. ತರಲೆಗೆ ಹಾಳು ಮಾಡೋ ಆಸೆ ಇದ್ದಿದ್ರೆ ಹನ್ನೆರಡಕ್ಕೂ ಸುರೀತಿದ್ಲು. ಕಣ್ಣು ಮುಚ್ಚಿ ಸುರಿದಿದ್ರೆ ಎರಡೂ ಥರದವು ಸಾಯ್ತಿದ್ವು. ಇಷ್ಟು ಸರಿಯಾಗಿ ಆರಿಸ್ಬೇಕಾದ್ರೆ ಯಾವುದು ಯಾವುದು ಅಂತ ಗೊತ್ತಿರ್ಬೇಕು. ಗೊತ್ತಿದ್ದವರು ಇಬ್ಬರೇ. ಒಬ್ಬಳು ನಾನು."

"ನೀವಾ?"

"ಸ್ಕೇಲ್ ಅಳೆದ ಮೇಲೆ ಉಪ್ಪು ಬಿದ್ದಿದೆ. ಶುಕ್ರವಾರ ಸಂಜೆ ಬೀಗ ಬಿದ್ದ ರೂಮು ಇವತ್ತೇ ತೆರೆದದ್ದು. ಶುಕ್ರವಾರ ನಾನು ರಜೆಯಲ್ಲಿದ್ದೆ. ರಜೆ ಕೊಟ್ಟಿದ್ದು ನೀವೇ."

ಕ್ಯಾಪ್ಟನ್ ನೆಲ ನೋಡುತ್ತಿದ್ದ.

"ಅಕ್ಕಿ ನೀರು ಹಾಕು ಅಂದಿದ್ದು ನಮ್ಮಜ್ಜಿ ಮಿಸ್," ಎಂದ. "ನನ್ನ ಸಾಕಿದ್ದೇ ಅವರು. ಪ್ರದರ್ಶನಕ್ಕೆ ಬರ್ತಾರೆ. ಎಲ್ರ ಮುಂದೆ ಅವರ ಮಾತು ಸುಳ್ಳು ಅಂತ ಹೆಂಗೆ ಹೇಳ್ಲಿ? ನಲ್ಲಿ ನೀರಿನವು ಬಾಡಿದ್ರೆ ಅಕ್ಕಿ ನೀರೇ ಗೆಲ್ಲುತ್ತೆ ಅನ್ಕೊಂಡೆ. ಇವಳ ತಲೆಗೆ ಬರುತ್ತೆ ಅಂತ ಅನ್ಕೊಂಡಿರ್ಲಿಲ್ಲ. ಬಂದ್ಮೇಲೆ... ಬಾಯಿ ಬರ್ಲಿಲ್ಲ."

"ಊಹೆ ತಪ್ಪಾದ್ರೆ ಪ್ರಯೋಗ ಸೋಲಲ್ಲ ಕಣೋ," ಎಂದರು ಟೀಚರ್. "ಉತ್ತರಕ್ಕೆ ಉಪ್ಪು ಸುರಿದ್ರೆ ಸೋಲುತ್ತೆ. ಶುಕ್ರವಾರದವರೆಗಿನ ಅಳತೆ ಕೈಯಲ್ಲಿದೆ. ಅಲ್ಲೀವರೆಗೆ ಏನಾಯ್ತೋ ಅದನ್ನ ಹೇಳು. ಆಮೇಲೆ ನೀನು ಮಾಡಿದ್ದನ್ನೂ ಹೇಳು."

ಹೆಡ್‌ಮಾಸ್ಟರ್ ಕನ್ನಡಕ ತೆಗೆದು ಒರೆಸಿದರು. "ತರಲೆ... ಅಲ್ಲಮ್ಮ, ನಾಳೆ ಅಪ್ಪ ಬರೋದು ಬೇಡ. ನಾನು ದುಡುಕಿದೆ."

ಅವಳು ಉಸಿರು ಬಿಟ್ಟಳು. ಇಡೀ ಕೋಣೆಗೆ ಕೇಳಿಸಿತು.

"ಸಾರಿ ಕಣೇ," ಎಂದ ಕ್ಯಾಪ್ಟನ್.

"ಸಾರಿ ಯಾರಿಗೆ ಬೇಕು? ವಾರ ಪೂರ್ತಿ ಸೌತೆಕಾಯಿ ತಂದ್ಕೊಡು. ಉಪ್ಪು ಮಾತ್ರ ನಂದೇ."

* * *

ಗುರುವಾರ ಅಜ್ಜಿ ಬಂದರು. ಮೇಜಿನ ಮೇಲೆ ಹನ್ನೆರಡೂ ಕುಂಡ ಇದ್ದವು, ಸತ್ತವೂ ಸೇರಿ. ಕ್ಯಾಪ್ಟನ್ ಒಂದನ್ನೂ ಮುಚ್ಚಿಡದೆ ಎಲ್ಲ ಹೇಳಿದ. ಕೊನೆಗೆ ಅಜ್ಜಿಯ ಕಡೆ ತಿರುಗಿದ. "ಅಜ್ಜಿ, ಈ ಗಿಡಕ್ಕೆ ಅಕ್ಕಿ ನೀರಿಂದ ಏನೂ ವ್ಯತ್ಯಾಸ ಕಾಣ್ಲಿಲ್ಲ."

ಅಜ್ಜಿ ಗಿಡ ನೋಡಿದರು, ಮೊಮ್ಮಗನನ್ನು ನೋಡಿದರು.

"ನಿಜವಾಗ್ಲೂ?"

"ನಿಜ."

"ಸದ್ಯ!" ಎಂದು ಅಜ್ಜಿ ಕುರ್ಚಿಯಲ್ಲಿ ಕುಸಿದು ಕೂತರು. "ಇಷ್ಟು ವರ್ಷ ಈ ಮಂಡಿ ಇಟ್ಕೊಂಡು, ಮಹಡಿ ಮೇಲಿನ ಗಿಡಗಳಿಗೆ ಆ ನೀರು ಹೊತ್ಕೊಂಡು ಹತ್ತಿದ್ದೀನಲ್ಲೋ! ಮೊದ್ಲೇ ಹೇಳೋಕೆ ಏನಾಗಿತ್ತು ನಿಂಗೆ?"