ಹೆಸರಿನ ಜಾಗದಲ್ಲಿ ‘ರೋಗಿ’

ಡಾಕ್ಟರುಗಳು ರೆಕಾರ್ಡ್ ಮಾಡಿ ಕಳಿಸುವ ವರದಿಗಳನ್ನು ಕೇಳಿಸಿಕೊಂಡು ಟೈಪ್ ಮಾಡುವುದು ನನ್ನ ಕೆಲಸ. ಗುಟ್ಟು ಹೊರಬೀಳಬಾರದೆಂದು, ಹೆಸರು ಬಂದಲ್ಲೆಲ್ಲ ತೆಗೆದು ‘ರೋಗಿ’ ಎಂದು ಹಾಕಬೇಕು.

ಅಕ್ಕ ತೀರಿಕೊಂಡ ಮೇಲೆ ಕೆಲಸಕ್ಕೆ ಮರಳಿದ ಮಧ್ಯಾಹ್ನವೇ ಅವಳ ಹೆಸರು, ವಯಸ್ಸು, ವಿಳಾಸ ನನ್ನ ಕಿವಿಗೆ ಬಿದ್ದವು. “ಆಪರೇಷನ್ ಬೇಡವೆಂದು ಆಕೆಯೇ ಹಟ ಹಿಡಿದರು,” ಎನ್ನುತ್ತಿದ್ದರು ಡಾಕ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಆಪರೇಷನ್ ಮಾಡಿ ಎಂದು ಅಕ್ಕ ಅವರ ಕೈಹಿಡಿದು ಗೋಗರೆದದ್ದನ್ನು ನಾನೇ ಕಂಡಿದ್ದೆ.

ಅಷ್ಟರಲ್ಲಿ ಹೆಡ್‌ಫೋನು ಮಂಜುಗಡ್ಡೆಯಂತೆ ತಣ್ಣಗಾಯಿತು. ಡಾಕ್ಟರ ಮಾತಿನ ಹಿಂದೆ ಅಕ್ಕನ ಕೆಮ್ಮು ಕೇಳಿಸಿತು. “ಸುಳ್ಳು ಬೊಗಳ್ತಿದ್ದಾನೆ ಕಣೇ. ಬರೀಬೇಡ.”

ಅದು ರೆಕಾರ್ಡ್ ಆಗಿದ್ದು ಅವಳನ್ನು ಮಣ್ಣು ಮಾಡಿದ ಮರುದಿನ.

ಹೆಡ್‌ಫೋನನ್ನು ಮೇಲ್ವಿಚಾರಕಿಯ ಕಿವಿಗೇ ಒತ್ತಿದೆ. “ಏನೂ ಕೇಳಿಸ್ತಿಲ್ಲ. ಹೆಸರು ತೆಗೆದು ಸುಮ್ನೆ ಟೈಪ್ ಮಾಡು,” ಎಂದರು. ಹಾಗೆನ್ನುತ್ತಲೇ ಕಿವಿ ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು.

“ನೀವೇ ಮಾಡ್ಕೊಳ್ಳಿ! ಈ ಸುಳ್ಳನ್ನ ನನ್ನ ಕೈಯಲ್ಲಿ ಬರೆಸ್ಬೇಡಿ!” ಎಂದು ಕೂಗಿ ಎದ್ದುಬಿಟ್ಟೆ.

ಅಂದಿನಿಂದ ಆ ಡಾಕ್ಟರು ಯಾರ ವರದಿ ಹೇಳಿದರೂ ಅಕ್ಕನ ಹೆಸರಿನಿಂದಲೇ ಶುರುಮಾಡುತ್ತಾರೆ. ನನ್ನ ಜೊತೆ ಟೈಪ್ ಮಾಡುವ ಉಳಿದವರು ಅದನ್ನು ಅಳಿಸುತ್ತಾರೆ, ನಾನು ಅಳಿಸುವುದಿಲ್ಲ. ಕೇಳಿದರೆ, ಆ ಹೆಸರನ್ನು ತಾವು ಬಾಯಿಬಿಟ್ಟು ಹೇಳಿಯೇ ಇಲ್ಲವೆಂದು ಡಾಕ್ಟರು ಆಣೆ ಮಾಡುತ್ತಾರಂತೆ.