ಅತ್ತೆ ಹಿಡಿದ ಇನ್ಸುಲಿನ್ ಪೆನ್ನು

"ಇವತ್ತು ಇಷ್ಟು ಚುಚ್ಚಿಕೊಳ್ಳಲ್ಲ ಅತ್ತೆ," ಎಂದಳು ಸೊಸೆ.

ತಿಂಡಿಯ ತಟ್ಟೆ ಅವಳ ಮುಂದಿತ್ತು. ಅತ್ತೆ ಇನ್ಸುಲಿನ್ ಪೆನ್ನಿನ ತಿರುಪನ್ನು ಎಂದಿನ ಅಂಕಿಗೇ ತಿರುಗಿಸಿ, ಸೂಜಿಯ ಮುಚ್ಚಳ ತೆಗೆದು, ಕೈ ಚಾಚಿ ನಿಂತಿದ್ದರು. ಗಂಡ ಪತ್ರಿಕೆಯಿಂದ ತಲೆಯೆತ್ತಲಿಲ್ಲ. ಆದರೆ ಓದುವುದನ್ನು ನಿಲ್ಲಿಸಿದ್ದ.

"ಡಾಕ್ಟರ್ ಬರೆದುಕೊಟ್ಟಿದ್ದು ಇಷ್ಟೇ. ನಾನು ನನ್ನ ಮನಸ್ಸಿಗೆ ಬಂದ ಹಾಗೆ ತಿರುಗಿಸಿಲ್ಲ," ಎಂದರು ಅತ್ತೆ.

ದೊಡ್ಡಾಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು ಅವರು. ಅವರ ವಾರ್ಡಿನಲ್ಲಿ ರೋಗಿಗಳಿರಲಿ, ಕಿರಿಯ ಡಾಕ್ಟರುಗಳೂ ಬಾಲ ಮುದುರಿಕೊಂಡು ಓಡಾಡುತ್ತಿದ್ದರಂತೆ. ಸೊಸೆಗೆ ಚಿಕ್ಕಂದಿನಿಂದಲೂ ಸಕ್ಕರೆ ಕಾಯಿಲೆ. ಮದುವೆಯಾದ ಹೊಸದರಲ್ಲಿ ತನ್ನ ಇನ್ಸುಲಿನ್ನನ್ನು ತಾನೇ ನೋಡಿಕೊಳ್ಳುತ್ತಿದ್ದಳು. ಒಮ್ಮೆ ಜ್ವರ ಬಂದು ಏನೂ ತಿನ್ನಲಾಗದೆ, ಹೊಟ್ಟೆಯೇ ಖಾಲಿ ಇರುವಾಗ ಇನ್ಸುಲಿನ್ ಯಾಕೆ ಎಂದು ಮಲಗುವ ಮುಂಚಿನ ಡೋಸನ್ನು ಬಿಟ್ಟುಬಿಟ್ಟಳು. ಸಕ್ಕರೆ ಏರಿ ಪ್ರಾಣಕ್ಕೇ ಕುತ್ತು ಬಂತು. ಆಸ್ಪತ್ರೆಯಿಂದ ಮರಳಿದಂದಿನಿಂದ ಪೆನ್ನು ಅತ್ತೆಯ ಕೈ ಸೇರಿತು. ತಪ್ಪು ತನ್ನದೇ ಆಗಿದ್ದರಿಂದ ಅವಳು ಅದನ್ನು ವಾಪಸ್ ಕೇಳಲಿಲ್ಲ... ನಿನ್ನೆಯವರೆಗೂ.

ಅವಳು ಮಕ್ಕಳಿಗೆ ಈಜು ಕಲಿಸುವವಳು. ನೀರಿಗಿಳಿದ ದಿನ ಮೈಯ ಸಕ್ಕರೆ ಬೇಗ ಕರಗುತ್ತದೆ, ಇನ್ಸುಲಿನ್ ಕಡಿಮೆ ಸಾಕು ಎಂದು ಎಷ್ಟೋ ಸಲ ಹೇಳಿದ್ದಳು. ಅತ್ತೆ ಕಿವಿಗೆ ಹಾಕಿಕೊಂಡಿರಲಿಲ್ಲ. ನಿನ್ನೆ ಪುಟ್ಟ ಹುಡುಗಿಯೊಬ್ಬಳನ್ನು ಅಂಗೈ ಮೇಲೆ ತೇಲಿಸುತ್ತಾ ಆಳದ ಕಡೆ ಸಾಗಿದ್ದಾಗ ಸಕ್ಕರೆ ಕುಸಿದು ಕಣ್ಣು ಮಂಜಾಯಿತು, ತೋಳು ಸೋತು ಬಿತ್ತು... ಮಗು ನೀರೊಳಗೆ ಜಾರಿತು. ದಡದಲ್ಲಿದ್ದ ಕಾವಲುಗಾರ ಹಾರಿ ಇಬ್ಬರನ್ನೂ ಎಳೆದು ಹಾಕಿದ. ಮಗು ಕೆಮ್ಮಿ, ಅತ್ತು, ಅಮ್ಮನ ಕೊರಳಿಗೆ ಜೋತುಬಿತ್ತು. ಆ ತಾಯಿ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎಂದು ಇವಳಿಗೆ ಅನ್ನಿಸಿತು.

"ನಂಗೇನಾದ್ರೂ ಆದ್ರೆ ಸಹಿಸ್ಕೋತೀನಿ ಅತ್ತೆ. ನಿನ್ನೆ ನನ್ನ ಕೈಲಿದ್ದದ್ದು ಇನ್ನೊಬ್ರ ಮಗು," ಎಂದಳು ಸೊಸೆ. ಕೈ ಚಾಚಿದಳು. "ಪೆನ್ನು ಕೊಡಿ."

"ಕೆಲಸ ಬಿಡು. ಮನೇಲಿರು."

"ಬಿಡಲ್ಲ."

ಅತ್ತೆ ಕುರ್ಚಿಯಲ್ಲಿ ಕುಸಿದರು. "ನನ್ನ ತಂಗೀನೂ ಹೀಗೇ ಅಂತಿದ್ಲು. ನನ್ನ ಮೈ ನಂಗೆ ಗೊತ್ತು, ನನ್ನ ಮೈ ನಂಗೆ ಗೊತ್ತು ಅಂತ... ಇನ್ಸುಲಿನ್ ಕಡಿಮೆ ಮಾಡ್ತಾ ಮಾಡ್ತಾ ಕಣ್ಣು ಕಳ್ಕೊಂಡ್ಲು. ಕೊನೆಗೆ ನನ್ನ ವಾರ್ಡಲ್ಲೇ ಹೋದ್ಲು. ನಾನು ನರ್ಸಮ್ಮ ಆಗಿ ಏನು ಬಂತು?"

ಯಾರಿಗೂ ಹೇಳಿರದ ಮಾತು ಅದು. ಸೊಸೆಯ ಕಣ್ಣು ತುಂಬಿತು. ಆದರೂ ಚಾಚಿದ ಕೈಯನ್ನು ಅವಳು ಹಿಂದಕ್ಕೆಳೆಯಲಿಲ್ಲ. "ನಾನು ನಿಮ್ಮ ತಂಗಿ ಅಲ್ಲ ಅತ್ತೆ. ಡಾಕ್ಟರ ಮಾತು ಮೀರ್ತೀನಿ ಅಂತಾನೂ ಹೇಳ್ತಿಲ್ಲ. ಬನ್ನಿ, ಅವರನ್ನೇ ಕೇಳೋಣ."

ಗಂಡ ಕೊನೆಗೂ ಪತ್ರಿಕೆ ಮಡಿಸಿಟ್ಟ. "ನಡೀರಿ, ನಾನೂ ಬರ್ತೀನಿ."

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಇಬ್ಬರ ಮಾತನ್ನೂ ಪೂರ್ತಿ ಕೇಳಿದರು. "ಮಲಗೋ ಮುಂಚಿನ ಡೋಸು ನನ್ನನ್ನ ಕೇಳದೆ ಬದಲಾಯಿಸೋ ಹಾಗಿಲ್ಲ. ಊಟ ಬಿಟ್ರೂ, ಜ್ವರ ಬಂದ್ರೂ ಅದನ್ನ ತಪ್ಪಿಸೋ ಹಾಗೇ ಇಲ್ಲ," ಎಂದು ಸೊಸೆಯನ್ನು ಗದರಿದರು. ಆಮೇಲೆ ಅತ್ತೆಯ ಕಡೆ ತಿರುಗಿದರು. "ಊಟದ ಡೋಸು ಹಾಗಲ್ಲಮ್ಮ. ಸಕ್ಕರೆ ಎಷ್ಟಿದೆ, ತಟ್ಟೇಲಿ ಏನಿದೆ, ನೀರಿಗೆ ಇಳೀತಾರಾ, ಎಲ್ಲಾ ನೋಡ್ಕೊಂಡು ಅವರೇ ತೀರ್ಮಾನ ಮಾಡ್ಬೇಕು. ಎಷ್ಟರಿಂದ ಎಷ್ಟರೊಳಗೆ ಅಂತ ನಾನು ಹೇಳಿಕೊಡ್ತೀನಿ."

"ತಪ್ಪಿದ್ರೆ?" ಎಂದರು ಅತ್ತೆ.

"ತಪ್ಪುತ್ತೆ. ನನ್ನ ಲೆಕ್ಕಾನೂ ಎಷ್ಟೋ ಸಲ ತಪ್ಪಿದೆ. ತಪ್ಪಿದಾಗ ಮುಚ್ಚಿಡದೆ ಬಂದು ಹೇಳ್ಬೇಕು, ಅಷ್ಟೇ."

ಪೆನ್ನು ಸೊಸೆಯ ಚೀಲ ಸೇರಿತು. ಅತ್ತೆಯ ಮುಖ ಮಾತ್ರ ಊದಿಕೊಂಡೇ ಇತ್ತು. ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಸೊಸೆ ಈಜು ಮುಗಿಸಿ ಬಂದು ಬೆರಳು ಚುಚ್ಚಿ ನೋಡಿಕೊಂಡಾಗ ಸಕ್ಕರೆ ಸಿಕ್ಕಾಪಟ್ಟೆ ಏರಿತ್ತು. ಹಿಂದೆಯೇ ನಿಂತಿದ್ದ ಅತ್ತೆಯ ಬಾಯಿ ತೆರೆಯಿತು... ಹಾಗೆಯೇ ಮುಚ್ಚಿತು.

ಸೊಸೆ ಮೀಟರನ್ನು ಅವರ ಕಡೆಗೇ ತಿರುಗಿಸಿದಳು. "ನೋಡಿ. ಬೆಳಿಗ್ಗೆ ಜಾಸ್ತಿನೇ ಕಡಿಮೆ ಮಾಡ್ಬಿಟ್ಟೆ. ತಪ್ಪು ನಂದು, ಸರಿ ಮಾಡೋಳೂ ನಾನೇ. ಡಾಕ್ಟರಿಗೆ ಫೋನ್ ಮಾಡ್ತೀನಿ. ಪೆನ್ನು ಮಾತ್ರ ವಾಪಸ್ ಕೊಡಲ್ಲ."

ಅವಳು ಫೋನಿನಲ್ಲಿ ಒಂದನ್ನೂ ಮುಚ್ಚಿಡದೆ ಹೇಳಿದಳು, ಕೇಳಿಸಿಕೊಂಡಳು, ಡಾಕ್ಟರಮ್ಮ ಹೇಳಿದಷ್ಟನ್ನೇ ಚುಚ್ಚಿಕೊಂಡಳು. ಅಲ್ಲಿಯವರೆಗೂ ಅತ್ತೆ ಗೋಡೆಗೊರಗಿ ನಿಂತೇ ಇದ್ದರು. ಆಮೇಲೆ ಸೆರಗಿನಿಂದ ಮೂಗೊರೆಸಿಕೊಂಡು, "ನನ್ನ ತಂಗಿ ಯಾವತ್ತೂ ಹೀಗೆ ಫೋನ್ ಮಾಡ್ಲಿಲ್ಲ," ಎಂದರು.

ಸೊಸೆ ಅವರ ಕೈ ಹಿಡಿದಳು.

"ನಾಳೆ ಕೊಳದ ಹತ್ರ ಬರ್ತೀನಿ. ಪೆನ್ನು ಮುಟ್ಟಲ್ಲ. ದಡದಲ್ಲಿ ಕೂತಿರ್ತೀನಿ ಅಷ್ಟೇ."

"ಬನ್ನಿ. ಆದ್ರೆ ನಾನು ಮಕ್ಕಳಿಗೆ ಕಲಿಸೋವಾಗ ಮಧ್ಯೆ ಬಾಯಿ ಹಾಕ್ಬಾರ್ದು."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಅದಕ್ಕೆ ಮಾತ್ರ ಮಾತು ಕೊಡಕ್ಕಾಗಲ್ಲ," ಎಂದರು.